ಸುದ್ದಿಯ ಬಾಗಿಲು: ಹೂಗ್ಯಂ ಸೀಮೆಯ ಮೂರು ದಶಕಗಳು

೧

ವೃತ್ತಪತ್ರಿಕೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪತ್ರಿಕೆಗಳು ಹುಟ್ಟಿದ ಪಟ್ಟಣಗಳಿಂದ ತಮ್ಮ ಕಥನವನ್ನು ಆರಂಭಿಸುವರು. ಮಂಗಳೂರು, ಬಳ್ಳಾರಿ, ಮೈಸೂರು, ಹುಬ್ಬಳ್ಳಿ, ಬೆಂಗಳೂರು ಎಂಬ ಹೆಸರುಗಳು ಅಲ್ಲಿ ಮೊದಲು ಬರುತ್ತವೆ. ಸುದ್ದಿಯನ್ನು ಅಚ್ಚು ಹಾಕಿದ ಸ್ಥಳದಿಂದ ನೋಡುವ ಈ ಕ್ರಮವು ತಪ್ಪೆಂದು ಹೇಳಲಾಗದು. ಆದರೆ ಸುದ್ದಿಯು ಯಾವ ನೆಲದ ಮೇಲೆ ನಡೆಯಿತೋ ಆ ನೆಲದಲ್ಲಿ ನಿಂತು ನೋಡಿದರೆ ಅದೇ ಚರಿತ್ರೆಯು ಬೇರೊಂದು ಬಗೆಯಾಗಿ ತೋರುವುದು. ಕಳೆದ ಎರಡು ದಶಕಗಳಲ್ಲಿ ಅಂತರಜಾಲದ ಬರವಣಿಗೆಯೂ ಅಲ್ಲಿ ಕೂಡಿಕೊಂಡ ಓದುಗರ ಬಳಗಗಳೂ ಪತ್ರಿಕೆ ಮತ್ತು ರಾಜಕೀಯಗಳನ್ನು ಬದಲಿಸಿವೆಯೆಂಬುದು ಈಗ ಸರ್ವರೂ ಒಪ್ಪುವ ಮಾತು. ಆ ಬದಲಾವಣೆಯನ್ನು ಒಂದು ಕಾಡಂಚಿನ ಸೀಮೆಯಿಂದ ನೋಡುವುದು ಈ ಲೇಖನದ ಉದ್ದೇಶವಾಗಿದೆ.

ನಾವು ಆರಿಸಿಕೊಂಡಿರುವುದು ಹೂಗ್ಯಂ ಸೀಮೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡಿನ ಮಗ್ಗುಲಲ್ಲಿ, ರಾಮಾಪುರ, ಮೀಣ್ಯಂ, ಮಾರ್ಟಳ್ಳಿಗಳ ನೆರೆಯಲ್ಲಿರುವ ಊರಿದು. ಕನ್ನಡ ತಮಿಳುಗಳೆರಡೂ ಇಲ್ಲಿ ಬಳಕೆಯಲ್ಲಿವೆ. ೧೯೫೬ರ ನವೆಂಬರ್ ೧ರವರೆಗೆ ಇಡೀ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅನಂತರ ಮೈಸೂರು ಜಿಲ್ಲೆಗೆ ಸೇರಿ, ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಹೀಗೆ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಮೂರು ಜಿಲ್ಲಾ ಕೇಂದ್ರಗಳನ್ನು ಕಂಡ ಈ ಸೀಮೆಯು ಮೂರಕ್ಕೂ ದೂರದ ಅಂಚಾಗಿಯೇ ಉಳಿಯಿತು. ಅಂಚಿನ ಜನರ ಮಾತು ಕೇಂದ್ರವನ್ನು ಯಾವ ಬಾಗಿಲಿನಿಂದ, ಯಾರ ಕೈಯಿಂದ ತಲುಪಿತು ಎಂಬುದೇ ನಮ್ಮ ಪ್ರಶ್ನೆ.

೨

ಅಚ್ಚಿನ ಯುಗಕ್ಕೆ ಮುಂಚೆ ಈ ನಾಡಿಗೆ ಸುದ್ದಿಯ ದಾರಿಗಳು ಇರಲಿಲ್ಲವೆಂದು ಭಾವಿಸಬಾರದು. ಮಾದಪ್ಪನ ಪರಿಷೆಗೆ ಕಾಲುನಡಿಗೆಯಲ್ಲಿ ಬರುವ ಭಕ್ತರು, ಕಂಸಾಳೆಯವರು, ದೇವರಗುಡ್ಡರು ಊರಿಂದೂರಿಗೆ ಕಥೆಯ ಜತೆಯಲ್ಲಿ ವರ್ತಮಾನವನ್ನೂ ಒಯ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ಅದಕ್ಕೂ ಹಿಂದೆ, ತುರುಗಳನ್ನು ಕಾಯುವಾಗ ಮಡಿದವನಿಗೆ, ಹುಲಿಯೊಡನೆ ಹೋರಾಡಿ ಸತ್ತವನಿಗೆ ಊರಿನವರು ವೀರಗಲ್ಲು ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲೆಲ್ಲ ಇದ್ದಿತು. ಆ ಕಲ್ಲು ಊರಿನ ಒಂದು ನಷ್ಟವನ್ನು ಊರೇ ದಾಖಲಿಸಿದ ಪತ್ರವಾಗಿದೆ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಲೇಖನದ ಕೊನೆಯಲ್ಲಿ ಇದಕ್ಕೆ ಮರಳಬೇಕಾಗಿದೆ.

೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಕನ್ನಡ ಪತ್ರಿಕೆಯ ಇತಿಹಾಸ ಮೊದಲಾಗುತ್ತದೆ. ಅಚ್ಚುಮೊಳೆ, ಕಾಗದ, ಅಂಚೆ ಇವುಗಳಿಗೆ ಹಣ ಬೇಕಾದುದರಿಂದ ಸುದ್ದಿಗೆ ಒಂದು ಬಾಗಿಲೂ ಆ ಬಾಗಿಲಲ್ಲಿ ಒಬ್ಬ ಸಂಪಾದಕನೂ ಅನಿವಾರ್ಯವಾದರು. ಆ ಬಾಗಿಲಿನ ಮೇಲೆ ಸರ್ಕಾರದ ಕಣ್ಣು ಬೀಳಲು ತಡವಾಗಲಿಲ್ಲ. ೧೯೦೮ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕೆಗಳಿಗೆ ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸುವ ಶಾಸನವನ್ನು ತಂದಿತು. ಅದನ್ನು ಪ್ರತಿಭಟಿಸಿ ಕೆಲವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತಾತಯ್ಯನವರೆಂದು ಪ್ರಖ್ಯಾತರಾದ ಎಂ. ವೆಂಕಟಕೃಷ್ಣಯ್ಯನವರು ಅವರಲ್ಲಿ ಅಗ್ರಗಣ್ಯರು. ಕೊಳ್ಳೇಗಾಲವು ಅಂದು ಮದರಾಸಿಗೆ ಸೇರಿದ್ದರಿಂದ ಈ ಶಾಸನ ಅದಕ್ಕೆ ಅನ್ವಯಿಸಲಿಲ್ಲ. ಆದರೆ ಬ್ರಿಟಿಷ್ ಇಂಡಿಯಾದ ೧೯೧೦ರ ಪತ್ರಿಕಾ ಶಾಸನವು ಅಲ್ಲಿಗೆ ಅನ್ವಯಿಸುತ್ತಿತ್ತು. ಎರಡು ಆಡಳಿತಗಳ ನಡುವಿನ ಗಡಿಯು ಬರೆಯುವವರಿಗೆ ಹೆಚ್ಚಿನ ಸ್ವಾತಂತ್ರ್ಯವನ್ನೇನೂ ಕೊಡಲಿಲ್ಲ.

ಸ್ವಾತಂತ್ರ್ಯಾನಂತರ ಬಾಗಿಲು ತಕ್ಕಮಟ್ಟಿಗೆ ಅಗಲವಾಯಿತು. ೧೯೪೮ರಲ್ಲಿ ‘ಪ್ರಜಾವಾಣಿ’ ಹೊರಟಿತು. ೧೯೭೨ರಲ್ಲಿ ರಾಜಶೇಖರ ಕೋಟಿಯವರು ಧಾರವಾಡದಲ್ಲಿ ಆರಂಭಿಸಿದ ‘ಆಂದೋಲನ’ವು ಅನಂತರ ಮೈಸೂರಿಗೆ ಬಂದು ಈ ಪ್ರಾಂತದ ಹಳ್ಳಿಗಳ ಸುದ್ದಿಗೆ ಸ್ಥಳ ಕೊಟ್ಟಿತು. ೧೯೮೦ರಲ್ಲಿ ಪಿ. ಲಂಕೇಶರು ಜಾಹೀರಾತಿನ ಹಂಗಿಲ್ಲದೆ ತಮ್ಮ ವಾರಪತ್ರಿಕೆಯನ್ನು ನಡೆಸಿ, ಓದುಗರ ಬಳಗವೊಂದು ತಾನೇ ರಾಜಕೀಯ ಶಕ್ತಿಯಾಗಬಹುದೆಂಬುದನ್ನು ತೋರಿಸಿದರು. ಮುಂದೆ ಬಂದ ಜಾಲದ ಬಳಗಗಳ ಸ್ವಭಾವವನ್ನು ಅರಿಯಲು ಈ ಪೂರ್ವನಿದರ್ಶನವು ಮುಖ್ಯವಾದುದು.

೩

ಹೂಗ್ಯಂ ಸೀಮೆಯು ದೇಶದ ಸುದ್ದಿಯಾದದ್ದು ರಕ್ತಪಾತದಿಂದ. ವೀರಪ್ಪನ್ ತಂಡವು ೧೯೯೨ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿತು. ಅದೇ ವರ್ಷದ ಆಗಸ್ಟ್ ೧೪ರಂದು ಮೀಣ್ಯಂ ಬಳಿ ಹೊಂಚುಹಾಕಿ ಪೊಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರನ್ನು ಕೊಂದಿತು. ಅಂದಿನಿಂದ ಹತ್ತು ಹನ್ನೆರಡು ವರ್ಷ ಈ ಕಾಡಿನ ಸುದ್ದಿಯು ಮುಖ್ಯವಾಗಿ ಎರಡು ಬಾಯಿಗಳಿಂದ ಹೊರಬಂದಿತು. ಒಂದು ಪೊಲೀಸರ ಹೇಳಿಕೆ, ಮತ್ತೊಂದು ವೀರಪ್ಪನ್‌ನ ಧ್ವನಿಸುರುಳಿ.

ಈ ಎರಡನೆಯದು ನಮ್ಮ ವಿಷಯಕ್ಕೆ ಹತ್ತಿರವಾದುದು. ೨೦೦೦ದ ಜುಲೈ ೩೦ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಮೇಲೆ, ಚೆನ್ನೈಯ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ಅವರು ಸಂಧಾನಕಾರರಾಗಿ ಕಾಡಿಗೆ ಹೋಗಿ ಕ್ಯಾಸೆಟ್ಟುಗಳನ್ನು ತಂದರು. ಕಾವೇರಿ ನೀರು, ಕರ್ನಾಟಕದಲ್ಲಿ ತಮಿಳಿನ ಸ್ಥಾನ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಬಂದಿಗಳ ಬಿಡುಗಡೆ, ಪೊಲೀಸ್ ಕಾರ್ಯಾಚರಣೆಯಲ್ಲಿ ನೊಂದವರಿಗೆ ಪರಿಹಾರ ಇವು ಅವನ ಬೇಡಿಕೆಗಳಲ್ಲಿ ಸೇರಿದ್ದುವು. ಒಂದು ಅಗ್ಗದ ಯಂತ್ರದ ನೆರವಿನಿಂದ, ಯಾವ ಸಂಪಾದಕನ ಕತ್ತರಿಗೂ ಸಿಕ್ಕದೆ, ಕಾಡಿನೊಳಗಿನ ಒಬ್ಬನು ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಕುಳಿತು ಕೇಳುವಂತೆ ಮಾತನಾಡಿದನು. ಒತ್ತೆಯಾಳಿನ ಪ್ರಾಣವೇ ಆ ಮಾತಿಗೆ ಬೆಲೆ ತಂದದ್ದೆಂಬುದನ್ನು ಮರೆಯಬಾರದು. ಆದರೂ ಪತ್ರಿಕೆಯ ಬಾಗಿಲನ್ನು ಬಳಸಿಕೊಂಡು ಹೋಗುವ ದಾರಿಯೊಂದು ಇದೆಯೆಂಬುದು ಆ ೧೦೮ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು.

ಈ ಎರಡು ಬಾಯಿಗಳ ನಡುವೆ ಹಳ್ಳಿಯವರ ಮಾತು ಎಲ್ಲಿ ದಾಖಲಾಯಿತು? ಉತ್ತರ ಕುತೂಹಲಕರವಾಗಿದೆ: ಪತ್ರಿಕೆಗಿಂತ ಹೆಚ್ಚಾಗಿ ನ್ಯಾಯಪೀಠದ ಮುಂದೆ. ವಿಶೇಷ ಕಾರ್ಯಾಚರಣೆ ಪಡೆಯ ಮೇಲಿನ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. ಸಮಿತಿಯು ಗಡಿಯ ಎರಡೂ ಕಡೆಗಳ ಜನರ ಸಾಕ್ಷ್ಯವನ್ನು ಕೇಳಿತು. ಅದರ ವರದಿಯ ಬಳಿಕ, ೨೦೦೭ರಲ್ಲಿ, ಆಯೋಗವು ೮೯ ಮಂದಿಗೆ ೨.೮೦ ಕೋಟಿ ರೂಪಾಯಿಗಳ ಪರಿಹಾರವನ್ನು ಶಿಫಾರಸು ಮಾಡಿತು. ಇತ್ತ ಮೀಣ್ಯಂನಲ್ಲಿ ಮಡಿದ ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ ಅವರು, ಟಾಡಾ ಬಂದಿಗಳ ಮೇಲಿನ ಮೊಕದ್ದಮೆಯನ್ನು ಕೈಬಿಡುವ ಸರ್ಕಾರದ ಯತ್ನವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ೨೦೦೦ದ ನವೆಂಬರ್ ೭ರಂದು ಅವರ ಪರವಾಗಿ ತೀರ್ಪು ಬಂದಿತು. ಪೊಲೀಸರಿಂದ ನೊಂದವರು, ಮಗನನ್ನು ಕಳೆದುಕೊಂಡ ಪೊಲೀಸನ ತಂದೆ, ಇವರಿಬ್ಬರೂ ಒಂದೇ ಕಾಡಿನ ಕಥೆಯ ಎರಡು ಪಾರ್ಶ್ವಗಳು. ಇಬ್ಬರ ಮಾತೂ ಇಂದು ನಮಗೆ ದೊರೆಯುತ್ತಿರುವುದು ಅದನ್ನು ಬರೆದಿಟ್ಟುಕೊಂಡ ಒಂದು ಸಂಸ್ಥೆ ಇದ್ದುದರಿಂದ.

೪

ಇದೇ ಕಾಲದಲ್ಲಿ ಪಟ್ಟಣಗಳಲ್ಲಿ ಮತ್ತೊಂದು ಬಾಗಿಲು ತೆರೆಯುತ್ತಿದ್ದಿತು. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವುದೇ ಮೊದಲ ತೊಡಕಾಗಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆ, ೧೯೯೮ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ದಾರಿಯನ್ನು ಸುಗಮಗೊಳಿಸಿದುವು. ಆದರೆ ಒಂದು ಯಂತ್ರದಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಬೇಕಾದರೆ ಎಲ್ಲರೂ ಒಪ್ಪಿದ ಸಂಕೇತ ಬೇಕು. ಯೂನಿಕೋಡ್ ಸಂಕೇತವು ಸಾಮಾನ್ಯ ಗಣಕಗಳಲ್ಲಿ ಬಳಕೆಗೆ ಬಂದ ಮೇಲೆಯೇ ಕನ್ನಡದ ಬರವಣಿಗೆ ಜಾಲದಲ್ಲಿ ಹರಡಿತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ, ೨೦೦೫ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, ೨೦೦೭ರಲ್ಲಿ ‘ಕೆಂಡಸಂಪಿಗೆ’ ಮತ್ತು ‘ಅವಧಿ’ ಆರಂಭವಾದುವು. ಸ್ವಂತ ಬ್ಲಾಗುಗಳನ್ನು ಬರೆದವರಲ್ಲಿ ಹೊರದೇಶಗಳಲ್ಲಿದ್ದ ಎಂಜಿನಿಯರುಗಳೂ ಬೆಂಗಳೂರಿನ ವಿದ್ಯಾರ್ಥಿಗಳೂ ಊರಿನಿಂದ ದೂರವಾದವರೂ ಬಹುಮಂದಿ. ಸಂಪಾದಕನ ಒಪ್ಪಿಗೆಗೆ ಕಾಯದೆ ಬರೆಯಬಹುದೆಂಬುದೂ ಬರೆದ ಕೂಡಲೆ ಓದುಗನು ಉತ್ತರ ಕೊಡಬಹುದೆಂಬುದೂ ಹೊಸ ಅನುಭವಗಳಾಗಿದ್ದುವು.

ಈ ಬಳಗಗಳಿಂದ ರಾಜಕೀಯಕ್ಕೆ ಆದ ಪರಿಣಾಮವನ್ನು ಮೂರು ನಿದರ್ಶನಗಳಿಂದ ತೋರಿಸಬಹುದು. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ಯೋಜನೆಯನ್ನು ವಿರೋಧಿಸಿ ಜಾಲದಲ್ಲಿ ಒಂದುಗೂಡಿದವರು ೨೦೧೬ರ ಅಕ್ಟೋಬರ್ ೧೬ರಂದು ಬೀದಿಯಲ್ಲಿ ಮಾನವ ಸರಪಣಿ ರಚಿಸಿದರು. ೨೦೧೭ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷದ ನಡುವಿನಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಜಾಲದಲ್ಲಿ ಎದ್ದ ಕೂಗಿಗೆ, ಬನವಾಸಿ ಬಳಗದಂಥ ಗುಂಪುಗಳು ಭಾಷಾನೀತಿಯನ್ನು ಕುರಿತು ಹಲವು ವರ್ಷ ಬ್ಲಾಗುಗಳಲ್ಲಿ ಬರೆದುದು ಹಿನ್ನೆಲೆಯಾಗಿದ್ದಿತು. ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು, ಫಲಕಗಳಿಂದ ಹಿಂದಿ ಮರೆಯಾಯಿತು. ಮೂರನೆಯದು ‘ವರ್ತಮಾನ’ ಎಂಬ ಬ್ಲಾಗನ್ನು ನಡೆಸಿದ ರವಿ ಕೃಷ್ಣಾರೆಡ್ಡಿಯವರು ೨೦೧೯ರಲ್ಲಿ ಸ್ಥಾಪಿಸಿದ ಕರ್ನಾಟಕ ರಾಷ್ಟ್ರ ಸಮಿತಿ. ಸರ್ಕಾರಿ ಕಚೇರಿಗಳಲ್ಲಿ ಲಂಚವನ್ನು ಪ್ರಶ್ನಿಸಿ ಆ ದೃಶ್ಯವನ್ನು ಅಲ್ಲಿಂದಲೇ ಜಾಲದಲ್ಲಿ ಬಿತ್ತರಿಸುವುದು ಈ ಪಕ್ಷದ ಕ್ರಮ. ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ದೊರೆಯಲಿಲ್ಲ. ನೋಡುವವರ ಬಳಗವು ಮತದಾರರ ಬಳಗವಾಗಿ ಮಾರ್ಪಡುವುದು ಸುಲಭವಲ್ಲವೆಂಬುದಕ್ಕೆ ಇದು ಸಾಕ್ಷಿ.

ಮೊದಲ ಎರಡು ಗೆಲವುಗಳೂ ಬೆಂಗಳೂರಿನವೆಂಬುದನ್ನು ಗಮನಿಸಬೇಕು. ಅಲ್ಲಿ ಬರೆಯುವವನು, ಓದುವವನು, ದೂರಿಗೆ ಗುರಿಯಾದ ಅಧಿಕಾರಿ, ಮೂವರೂ ಒಂದೇ ಊರಿನಲ್ಲಿದ್ದರು. ಅಂಚಿನ ಹಳ್ಳಿಗೆ ಈ ಅನುಕೂಲವಿಲ್ಲ.

೫

೨೦೧೬ರ ಸೆಪ್ಟೆಂಬರ್‌ನಿಂದಾಚೆಗೆ ಜಾಲದ ಸಂಪರ್ಕವು ಹಠಾತ್ತಾಗಿ ಅಗ್ಗವಾಯಿತು. ಗಣಕಯಂತ್ರವನ್ನು ಎಂದೂ ಮುಟ್ಟದವರ ಕೈಗೂ ಮೊಬೈಲು ಬಂದಿತು. ಬ್ಲಾಗಿನ ಕಾಲ ಹಿಂದೆ ಸರಿದು ವಾಟ್ಸ್ಆ್ಯಪ್ ಗುಂಪುಗಳ ಕಾಲ ಬಂದುದು ಹೀಗೆ. ಈ ಎರಡರ ನಡುವಿನ ಭೇದವನ್ನು ಚರಿತ್ರಕಾರರು ಕಡೆಗಣಿಸಬಾರದು. ಬ್ಲಾಗಿಗೆ ಲೇಖಕನ ಹೆಸರಿತ್ತು, ತೇದಿಯಿತ್ತು, ಯಾರು ಬೇಕಾದರೂ ಓದಬಹುದಾಗಿತ್ತು. ಗುಂಪಿನಲ್ಲಿ ಕೈಯಿಂದ ಕೈಗೆ ದಾಟುವ ಸಂದೇಶಕ್ಕೆ ಬಹುಸಲ ಕರ್ತೃವೇ ಇಲ್ಲ. ಹೊರಗಿನವರಿಗೆ ಅದು ಕಾಣುವುದೂ ಇಲ್ಲ.

ಕರ್ತೃವಿಲ್ಲದ ಮಾತಿನ ಅಪಾಯವನ್ನು ಕರ್ನಾಟಕವು ಎರಡು ಸಲ ಕಂಡಿದೆ. ೨೦೧೨ರ ಆಗಸ್ಟ್ ಮಧ್ಯದಲ್ಲಿ, ಹಲ್ಲೆ ನಡೆಯಲಿದೆಯೆಂಬ ವದಂತಿಯನ್ನು ನಂಬಿ ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಬೆಂಗಳೂರನ್ನು ತೊರೆದು ರೈಲು ಹತ್ತಿದರು. ಕೇಂದ್ರ ಸರ್ಕಾರವು ಸಗಟು ಸಂದೇಶಗಳ ಮೇಲೆ ೧೫ ದಿನಗಳ ನಿರ್ಬಂಧ ಹಾಕಬೇಕಾಯಿತು. ೨೦೧೮ರ ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶವನ್ನು ನಂಬಿದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸುವಂತೆ ಮಿತಿ ಹಾಕಿತು. ಅತ್ತ ಜಾಲದ ಬರಹಕ್ಕಾಗಿ ಜನರನ್ನು ಸೆರೆಹಿಡಿಯಲು ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಶಾಸನದ ೬೬ಎ ವಿಧಿಯನ್ನು ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ರದ್ದುಗೊಳಿಸಿತ್ತು. ೧೯೦೮ರ ಪ್ರಶ್ನೆಯೇ ಇಲ್ಲಿಯೂ ಇದೆ: ಬಾಗಿಲನ್ನು ಕಾಯುವವರು ಯಾರು? ಹಿಂದೆ ಸಂಸ್ಥಾನದ ಸರ್ಕಾರ ನಿಂತಿದ್ದೆಡೆಯಲ್ಲಿ ಈಗ ಸರ್ಕಾರದ ಜತೆಗೆ, ಸಾವಿರಾರು ಮೈಲಿ ದೂರದ ಖಾಸಗಿ ಸಂಸ್ಥೆಯೂ ನಿಂತಿದೆ.

೬

ಇನ್ನು ಹೂಗ್ಯಂ ಸೀಮೆಗೆ ಮರಳೋಣ. ಹನೂರು ತಾಲ್ಲೂಕು ಇತ್ತೀಚಿನ ವರ್ಷಗಳಲ್ಲಿ ಮೂರು ಸಲ ನಾಡಿನ ಗಮನವನ್ನು ಸೆಳೆಯಿತು. ೨೦೧೮ರ ಡಿಸೆಂಬರ್ ೧೪ರಂದು ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯ ವಿಷಪ್ರಸಾದದಿಂದ ೧೭ ಮಂದಿ ಸತ್ತರು. ೨೦೨೪ರ ಏಪ್ರಿಲ್ ೨೬ರಂದು, ಮೂಲ ಸೌಕರ್ಯಗಳಿಲ್ಲದ್ದಕ್ಕೆ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದ ಇಂಡಿಗನತ್ತದಲ್ಲಿ ಮತಗಟ್ಟೆಯೇ ಧ್ವಂಸವಾಗಿ, ೨೯ರಂದು ಮರುಮತದಾನ ನಡೆಯಿತು. ೨೦೨೫ರ ಜೂನ್ ೨೬ರಂದು ಹೂಗ್ಯಂ ಅರಣ್ಯ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ಹೆಣ್ಣು ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದದ್ದು ಕಂಡುಬಂದಿತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರೆಂಬುದು ತನಿಖೆಯಿಂದ ಹೊರಬಿದ್ದಿತು.

ಹುಲಿಗಳ ಸಾವು ಕೆಲವೇ ಗಂಟೆಗಳಲ್ಲಿ ಇಡೀ ದೇಶಕ್ಕೆ ತಿಳಿಯಿತು. ೧೯೯೨ರ ಮೀಣ್ಯಂಗೂ ೨೦೨೫ರ ಮೀಣ್ಯಂಗೂ ಸುದ್ದಿಯ ವೇಗದಲ್ಲಿ ಇರುವ ಅಂತರ ಅಪಾರ. ಈ ವೇಗದಿಂದ ಪ್ರಯೋಜನವೂ ಆಯಿತು. ಅರಣ್ಯ ಸಚಿವರು ತನಿಖೆಗೆ ಆಜ್ಞೆ ಮಾಡಿದರು. ಕಾಡು ಕಾಯುವ ಹೊರಗುತ್ತಿಗೆಯ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ದೊರೆತಿರಲಿಲ್ಲವೆಂಬುದು ಬೆಳಕಿಗೆ ಬಂದು, ಅಧಿಕಾರಿಗಳು ಉತ್ತರ ಕೊಡಬೇಕಾಯಿತು. ನೌಕರರು ಅದಕ್ಕೆ ಮುಂಚೆಯೇ ದೂರಿದ್ದರು. ಅವರ ದೂರಿಗೆ ಇರದಿದ್ದ ವೇಗವನ್ನು ಐದು ಹುಲಿಗಳ ಸಾವು ತಂದಿತೆಂಬುದು ವಿಚಾರಾರ್ಹವಾಗಿದೆ.

ಬಳಿಕ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವ ಮಾತು ಸರ್ಕಾರದಿಂದ ಬಂದಿತು. ಕಾಡಂಚಿನ ಜನ ವಿರೋಧಿಸಿದರು. ವನ್ಯಜೀವಿಗಳನ್ನು ಉಳಿಸಬೇಕೆಂಬ ವಾದವು ನ್ಯಾಯವಾದುದು. ವಿಷ ಹಾಕಿದ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಎರಡು ಸಾವುಗಳಲ್ಲಿ ಒಂದಕ್ಕೆ ಮಾತ್ರ ದಾಖಲೆ ಸಹಜವಾಗಿ ಒದಗಿತು. ಹಸುವಿನ ಸಾವು ಹುಲಿಯ ಸಾವಿನ ಕಾರಣವಾಗಿ ಮಾತ್ರ ಸುದ್ದಿಯಲ್ಲಿ ಸೇರಿತು. ಹುಲಿಯಿಂದ ದನ ಕಳೆದುಕೊಂಡವನಿಗೆ ಪರಿಹಾರ ಎಷ್ಟು ದಿನಕ್ಕೆ ಸಿಕ್ಕುವುದು, ಆ ಮನೆಗೆ ಆ ಹಸು ಏನಾಗಿದ್ದಿತು ಎಂಬುದನ್ನು ಆ ಊರಿನವರೇ ಬರೆದ ಒಂದು ಬರಹವನ್ನು ನಾಳೆಯ ಚರಿತ್ರಕಾರನು ಹುಡುಕಿದರೆ ಅವನಿಗೆ ಸಿಕ್ಕುವುದು ಬಹಳ ಕಡಿಮೆ. ತುರು ಕಾಯುವಾಗ ಸತ್ತವನಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಇಂಡಿಗನತ್ತದ ಪ್ರಸಂಗವೂ ಇದನ್ನೇ ಹೇಳುತ್ತದೆ. ರಸ್ತೆ, ನೀರು, ವಿದ್ಯುತ್ತು ಬೇಕೆಂಬ ಬೇಡಿಕೆ ಹಳೆಯದು. ಮತಗಟ್ಟೆ ಒಡೆದ ದಿನ ಅದು ಸುದ್ದಿಯಾಯಿತು. ೨೦೨೫ರ ಏಪ್ರಿಲ್ ೨೪ರಂದು ರಾಜ್ಯದ ಮಂತ್ರಿಮಂಡಲವೇ ಮಲೆ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿದ್ದನ್ನು ನೆನೆದರೆ ಅಂಚಿನ ಕೂಗು ವ್ಯರ್ಥವಾಗುವುದಿಲ್ಲವೆಂದು ಹೇಳಬಹುದು. ಆದರೆ ಒಡೆದಾಗ ಮಾತ್ರ ಕೇಳಿಸುವ ಮಾತು ಪ್ರಜಾಪ್ರಭುತ್ವಕ್ಕೆ ಕ್ಷೇಮಕರವಲ್ಲ.

೭

ಮೇಲ್ಕಂಡ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಜಾಲದ ಬರವಣಿಗೆಯು ಸುದ್ದಿಯ ಬಾಗಿಲನ್ನು ಕೆಡವಿತೆಂಬ ಮಾತು ಅರ್ಧ ಸತ್ಯ. ಸಂಪಾದಕನ ಕೋಣೆಯಲ್ಲಿದ್ದ ಬಾಗಿಲು ಈಗ ಲಿಪಿಯ ಸಂಕೇತ, ಸಂಪರ್ಕದ ಗೋಪುರ, ಕಂಪನಿಯ ನಿಯಮ, ಪಟ್ಟಣದ ಓದುಗನ ಆಸಕ್ತಿ ಎಂಬ ಬೇರೆ ಬೇರೆ ಎಡೆಗಳಿಗೆ ಸರಿದಿದೆ. ಹೂಗ್ಯಂನಂಥ ಊರುಗಳ ವಿಷಯದಲ್ಲಿ ಸುದ್ದಿ ಬೇಗ ಹೊರಗೆ ಹೋಗುತ್ತದೆ, ಆದರೆ ಅದನ್ನು ಹೇಳುವವರು ಇಂದಿಗೂ ಹೆಚ್ಚಾಗಿ ಹೊರಗಿನವರೇ.

ಇದಕ್ಕಿಂತ ಆತಂಕಕರವಾದುದು ದಾಖಲೆಯ ನಾಶ. ಕನ್ನಡಿಗರು ಗುಂಪುಗೂಡಿ ಚರ್ಚಿಸುತ್ತಿದ್ದ ಆರ್ಕುಟ್ ೨೦೧೪ರ ಸೆಪ್ಟೆಂಬರ್ ೩೦ರಂದು ಮುಚ್ಚಿತು. ಯಾಹೂ ಗುಂಪುಗಳು ೨೦೨೦ರಲ್ಲಿ ಕೊನೆಗೊಂಡುವು. ಓದುಬರಹ ಬಾರದವರೂ ಮುಖ ತೋರಿಸಿ ಮಾತನಾಡುತ್ತಿದ್ದ ಟಿಕ್‌ಟಾಕ್ ೨೦೨೦ರ ಜೂನ್ ೨೯ರಂದು ಭಾರತದಲ್ಲಿ ನಿಷಿದ್ಧವಾಯಿತು. ಹಳ್ಳಿಗಳ ಎಷ್ಟೋ ಧ್ವನಿಗಳು ಅದರೊಡನೆ ಮರೆಯಾದುವು. ೧೮೪೩ರ ಪತ್ರಿಕೆಯ ಪ್ರತಿಗಳನ್ನು ಇಂದು ನೋಡಬಹುದಾಗಿದೆ. ೨೦೦೭ರ ಎಷ್ಟೋ ಬ್ಲಾಗುಗಳನ್ನು ನೋಡಲು ಸಾಧ್ಯವಿಲ್ಲ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಹೆಚ್ಚಿನ ಹಣವೂ ಬೇಕಾಗಿಲ್ಲ. ತಮ್ಮ ತಾಲ್ಲೂಕಿನ ಬಗೆಗೆ ಜಾಲದಲ್ಲಿ ಬಂದ ಬರಹಗಳನ್ನು ತೇದಿ ಸಹಿತ ಇಳಿಸಿ ಕಾಗದದ ಮೇಲೂ ಇಡುವುದು. ಕರ್ತೃವಿಲ್ಲದ ಸಂದೇಶಗಳನ್ನು ಅದು ತಲುಪಿದ ದಿನ, ಊರುಗಳೊಡನೆ ಗುರುತಿಸಿಡುವುದು. ಒಂದು ಘಟನೆ ನಡೆದಾಗ ಅಲ್ಲಿಯವರ ಮಾತನ್ನು ಅವರ ಒಪ್ಪಿಗೆ ಪಡೆದು, ಅವರದೇ ನುಡಿಯಲ್ಲಿ, ಕನ್ನಡವಾಗಲಿ ತಮಿಳಾಗಲಿ ಸೋಲಿಗರ ಮಾತಾಗಲಿ, ಬರೆದುಕೊಳ್ಳುವುದು. ಈ ಸೀಮೆಯ ಹಳ್ಳಿಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಶಾಸನಗಳ ಪ್ರತಿ ತೆಗೆಯಲು ಕಲಿಸುವಂತೆ ಅವರಿಗೆ ಇದನ್ನೂ ಕಲಿಸಬಹುದು. ಸದಾಶಿವ ಸಮಿತಿಯ ಮುಂದೆ ಹಳ್ಳಿಯವರು ನುಡಿದ ಮಾತು ಉಳಿದದ್ದು ಅದನ್ನು ಯಾರೋ ಕುಳಿತು ಬರೆದುಕೊಂಡದ್ದರಿಂದ. ಮುಂದಿನ ಸಲ ಮೀಣ್ಯಂ ಕಾಡಿನ ಅಂಚಿನಲ್ಲಿ ಒಂದು ಹಸು ಸತ್ತ ದಿನ, ಅದನ್ನು ಬರೆದಿಡುವವನು ಆ ಊರಿನವನೇ ಆಗಿದ್ದರೆ, ನಾವು ಇಲ್ಲಿ ವಿವರಿಸಿದ ಬದಲಾವಣೆಗೆ ಅರ್ಥ ಬಂದಿತೆಂದು ಹೇಳಬಹುದು.